ಸೈಕಲ್ಲಿಗೆ ಒಗ್ಗುವ ನಗರ ಯಾವುದು?

ಕರ್ನಾಟಕದ ನಗರಗಳಲ್ಲಿ ಸೈಕಲ್ ಸವಾರರಿಗೆ ಅತ್ಯಂತ ಅನುಕೂಲವಾದುದು ಯಾವುದೆಂದು ಕೇಳಿದರೆ, ಉತ್ತರ ಹೇಳುವವರು ಸಾಮಾನ್ಯವಾಗಿ ಎರಡು ಲೆಕ್ಕಗಳನ್ನು ಮುಂದಿಡುತ್ತಾರೆ. ಆ ಊರಿನಲ್ಲಿ ಸೈಕಲ್ಲಿಗೆಂದು ಬಣ್ಣ ಬಳಿದ ದಾರಿ ಎಷ್ಟು ಕಿಲೋಮೀಟರು ಇದೆಯೆಂಬುದು ಒಂದು. ಬಾಡಿಗೆ ಸೈಕಲ್ಲುಗಳ ನಿಲ್ದಾಣಗಳು ಎಷ್ಟಿವೆಯೆಂಬುದು ಇನ್ನೊಂದು. ಎರಡನ್ನೂ ಕಚೇರಿಯ ಕಡತದಿಂದ ಎತ್ತಿ ಹೇಳಬಹುದು. ಬಿಸಿಲಿನಲ್ಲಿ ನಿಂತು ಎಣಿಸಬೇಕಾದ ಶ್ರಮವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹಿಡಿಯಬೇಕಾದ ಅಳತೆಗೋಲು ಬೇರೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಒಂಬತ್ತು ಗಂಟೆಯ ಸಮಯದಲ್ಲಿ, ಮನೆಯಿಂದ ಎರಡು ಮೂರು ಕಿಲೋಮೀಟರು ದೂರದ ಶಾಲೆಗೆ, ಯಾರ ಬೆಂಗಾವಲೂ ಇಲ್ಲದೆ ಸೈಕಲ್ಲಿನ ಮೇಲೆ ಹೋಗಿ ಸಂಜೆ ಹಿಂದಿರುಗಬಲ್ಲಳೆ? ಅವಳನ್ನು ಕಳುಹಿಸಿದ ತಾಯಿ ದಿನವಿಡೀ ನಿಶ್ಚಿಂತೆಯಿಂದ ಇರಬಲ್ಲಳೆ? ಈ ಪ್ರಶ್ನೆಗೆ ಹೌದೆಂದು ಹೇಳಬಲ್ಲ ಊರೇ ಸೈಕಲ್ಲಿಗೆ ಒಗ್ಗುವ ಊರು. ಈ ಅಳತೆಗೋಲನ್ನು ಹಿಡಿದು ನೋಡಿದರೆ, ಹೆಸರು ಪಡೆದ ನಗರಗಳು ಹಿಂದೆ ಸರಿದು, ಯಾರ ಬಾಯಲ್ಲೂ ಬಾರದ ಕೆಲವು ಊರುಗಳು ಮುಂದೆ ಬರುತ್ತವೆ.

ಮೊದಲು ನೆಲದ ವಿಚಾರವನ್ನು ನೋಡೋಣ. ಎತ್ತರ ಬೇರೆ, ಏರು ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಮಂಗಳೂರು ಕಡಲ ತಡಿಯಲ್ಲಿಯೇ ಇದೆ. ಹಾಗೆಂದು ಬೆಂಗಳೂರಿನಲ್ಲಿ ಪೆಡಲು ತುಳಿಯುವುದು ಕಷ್ಟ, ಮಂಗಳೂರಿನಲ್ಲಿ ಸುಲಭ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಸವಾರನ ಕಾಲಿಗೆ ತಿಳಿಯುವುದು ಊರಿನ ಎತ್ತರವಲ್ಲ, ಬೀದಿಯ ಓಟ. ಎಷ್ಟು ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲೇರಬೇಕು ಎಂಬುದಷ್ಟೇ ಅವನಿಗೆ ಮುಖ್ಯ.

ಭೌತಶಾಸ್ತ್ರವನ್ನು ಓದುತ್ತಿರುವ ನಮ್ಮ ತರುಣ ವಾಚಕರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಸವಾರನ ತೂಕ 60 ಕಿಲೋಗ್ರಾಂ, ಸೈಕಲ್ಲಿನದು 20 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಸಮತಟ್ಟಾದ ಒಳ್ಳೆಯ ಡಾಂಬರು ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರು ವೇಗದಿಂದ ಹೋಗುವಾಗ ಅವನನ್ನು ಹಿಂದಕ್ಕೆಳೆಯುವ ಬಲಗಳು ಮುಖ್ಯವಾಗಿ ಎರಡು. ಉರುಳುವ ಚಕ್ರಕ್ಕೆ ನೆಲವು ಒಡ್ಡುವ ತಡೆ ಸುಮಾರು 6 ನ್ಯೂಟನ್; ಗಾಳಿಯ ತಡೆಯೂ ಹೆಚ್ಚು ಕಡಿಮೆ ಅಷ್ಟೇ. ಎರಡೂ ಸೇರಿ ಹನ್ನೆರಡೂವರೆ ನ್ಯೂಟನ್ ಎನ್ನಬಹುದು. ಈ ತಡೆಯನ್ನು ಮೀರಿ ಸಾಗಲು ಕಾಲುಗಳು ಒದಗಿಸಬೇಕಾದ ಸಾಮರ್ಥ್ಯ ಸುಮಾರು 52 ವ್ಯಾಟ್. ಹಳೆಯ ಕಾಲದ ಒಂದು ವಿದ್ಯುದ್ದೀಪಕ್ಕೂ ಇದಕ್ಕಿಂತ ತುಸು ಹೆಚ್ಚು ಬೇಕಾಗುತ್ತಿತ್ತು! ಆರೋಗ್ಯವಂತ ಬಾಲಕ ಬಾಲಕಿಯರು ಇಷ್ಟನ್ನು ಮಾತನಾಡುತ್ತ, ನಗುತ್ತ ಒದಗಿಸಬಲ್ಲರು.

ರಸ್ತೆಯು 50 ಮೀಟರಿಗೆ 1 ಮೀಟರಿನಂತೆ ಏರತೊಡಗಿತೆನ್ನಿ. ಕಣ್ಣಿಗೆ ಇದು ಏರೆಂದೇ ತೋರದು. ಆದರೆ ಭೂಮಿಯ ಆಕರ್ಷಣೆಯು 16 ನ್ಯೂಟನ್ನುಗಳಷ್ಟು ಬಲವನ್ನು ಹಿಂದಕ್ಕೆ ಹಾಕುತ್ತದೆ. ಅದೇ ವೇಗವನ್ನು ಉಳಿಸಿಕೊಳ್ಳಬೇಕಾದರೆ 118 ವ್ಯಾಟ್ ಬೇಕು. ಎಂದರೆ ಮೊದಲಿನ ಎರಡರಷ್ಟಕ್ಕಿಂತಲೂ ಹೆಚ್ಚು. 20 ಮೀಟರಿಗೆ 1 ಮೀಟರು ಏರಿದರೆ 215 ವ್ಯಾಟ್ ಬೇಕಾಗುತ್ತದೆ. ಅಭ್ಯಾಸವುಳ್ಳ ಕ್ರೀಡಾಪಟುವಿಗೆ ಅದು ಸಾಧ್ಯ. ಬೆನ್ನಿಗೆ ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿಗೆ ಅಲ್ಲ. ಅವನು ಮೊದಲಿನ 52 ವ್ಯಾಟಿನಲ್ಲಿಯೇ ಸಾಗಿದರೆ ಗಂಟೆಗೆ ನಾಲ್ಕು ಕಿಲೋಮೀಟರಿಗೆ ಇಳಿಯುತ್ತಾನೆ. ನಡೆಯುವವನ ವೇಗವೂ ಅದೇ ಆದುದರಿಂದ, ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ.

ಗಾಳಿಯ ಮಾತೂ ಉಂಟು. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 15 ಕಿಲೋಮೀಟರು ವೇಗದ ಎದುರುಗಾಳಿ ಬೀಸಿದರೆ ಸವಾರನ ಪಾಲಿಗೆ ಅದು 30 ಕಿಲೋಮೀಟರಿನ ಗಾಳಿ, ತಡೆ ನಾಲ್ಮಡಿ. ಆಗ ಬೇಕಾಗುವ ಸಾಮರ್ಥ್ಯ 130 ವ್ಯಾಟ್. ಗಾಳಿಯಂತ್ರಗಳ ಸಾಲುಗಳಿಗೆ ಹೆಸರಾದ ಗದಗ, ಚಿತ್ರದುರ್ಗಗಳ ಬಯಲಿನಲ್ಲಿ ಆಷಾಢ ಮಾಸದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಹೊರಟವನಿಗೆ ಸಮತಟ್ಟು ರಸ್ತೆಯೂ ಏರಾಗಿ ಪರಿಣಮಿಸುವುದರ ಗುಟ್ಟು ಇದೇ.

ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ನಾಡನ್ನು ಸುತ್ತಿ ಬರೋಣ. ಮಂಗಳೂರು ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳ ಮೇಲೂ ನಡುವಣ ತಗ್ಗುಗಳಲ್ಲೂ ಬೆಳೆದ ಊರು. ಬಂದರು, ಪಾಂಡೇಶ್ವರಗಳು ತಗ್ಗಿನಲ್ಲಿವೆ. ಬಾವುಟಗುಡ್ಡೆ, ಕದ್ರಿಗಳು ಮೇಲಿವೆ. ಊರೊಳಗೆ ಎಲ್ಲಿಗೆ ಹೊರಟರೂ ಒಂದು ಏರು ತಪ್ಪಿದ್ದಲ್ಲ. ಅದರ ಮೇಲೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿದ ಮಳೆ. ಮಡಿಕೇರಿಯ ವಿಷಯವನ್ನಂತೂ ಎತ್ತುವುದೇ ಬೇಡ. ಹುಬ್ಬಳ್ಳಿ ಧಾರವಾಡಗಳು ಬಹುಕಾಲ ಒಂದೇ ಮಹಾನಗರಪಾಲಿಕೆಗೆ ಸೇರಿದ್ದರೂ ಸೈಕಲ್ಲಿನ ದೃಷ್ಟಿಯಲ್ಲಿ ಅವು ಒಂದೇ ಊರಲ್ಲ. ಹುಬ್ಬಳ್ಳಿ ಎರೆಭೂಮಿಯ ಬಯಲಿನ ಅಂಚಿನಲ್ಲಿದೆ; ಧಾರವಾಡ ಮಲೆನಾಡಿನ ಬಾಗಿಲಲ್ಲಿ ದಿಣ್ಣೆ ತಗ್ಗುಗಳ ಮೇಲೆ ಹರಡಿದೆ. ಬೆಂಗಳೂರು ನಿಂತಿರುವುದು ಒಂದು ದಿಣ್ಣೆಯ ಬೆನ್ನಿನ ಮೇಲೆ. ಅದರ ಪಶ್ಚಿಮದ ನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನು, ಪೂರ್ವದ ನೀರು ಕೋರಮಂಗಲ ಮತ್ತು ಹೆಬ್ಬಾಳದ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆದುದರಿಂದ ಅಲ್ಲಿ ಒಂದು ಕಣಿವೆಯನ್ನು ದಾಟಿ ಇನ್ನೊಂದಕ್ಕೆ ಹೋಗುವವನಿಗೆ ಮಾತ್ರ ಏರುಗಳು ಎದುರಾಗುತ್ತವೆ. ಕಣಿವೆಯ ಉದ್ದಕ್ಕೆ ಅಥವಾ ದಿಣ್ಣೆಯ ಉದ್ದಕ್ಕೆ ಸಾಗುವವನಿಗೆ ಅಷ್ಟು ಕಷ್ಟವಿಲ್ಲ. ಚಾಮುಂಡಿಬೆಟ್ಟವನ್ನು ಬಿಟ್ಟರೆ ಮೈಸೂರಿನ ನೆಲ ಸೌಮ್ಯವಾದುದು. ದಾವಣಗೆರೆ, ಬಳ್ಳಾರಿ, ರಾಯಚೂರು, ಕಲಬುರಗಿ, ವಿಜಯಪುರಗಳಲ್ಲಿ ಅಲ್ಲೊಂದು ಇಲ್ಲೊಂದು ಗುಡ್ಡವಿದ್ದರೂ ಬೀದಿಗಳು ಬಹುಮಟ್ಟಿಗೆ ಸಮತಟ್ಟು. ಪ್ರಕೃತಿಯು ಸೈಕಲ್ಲಿಗಾಗಿಯೇ ಹಾಸಿಕೊಟ್ಟ ನೆಲ ಅದು.

ಬಿಸಿಲಿನ ಗತಿಯೇನು ಎಂದು ಕಲಬುರಗಿಯ ವಾಚಕರು ಕೇಳಿಯಾರು. ಕೇಳತಕ್ಕ ಮಾತೇ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ, ಉಳಿದುದು ಶಾಖ. ಪೆಡಲಿಗೆ 52 ವ್ಯಾಟ್ ಒದಗಿಸುವವನ ಮೈಯಲ್ಲಿ ಸುಮಾರು 156 ವ್ಯಾಟಿನಷ್ಟು ಶಾಖ ಹೆಚ್ಚಾಗಿ ಹುಟ್ಟುತ್ತದೆ. ಇದನ್ನೆಲ್ಲ ಬೆವರಿನ ಮೂಲಕವೇ ಹೊರಹಾಕಬೇಕಾದರೆ ಗಂಟೆಗೆ ಕಾಲು ಲೀಟರಿನಷ್ಟು ಬೆವರು ಆವಿಯಾಗಬೇಕು. ಬಯಲುಸೀಮೆಯ ಒಣಗಾಳಿಯಲ್ಲಿ ಅದು ಹುಟ್ಟಿದ ಕ್ಷಣವೇ ಆವಿಯಾಗಿ ಮೈ ತಂಪಾಗುತ್ತದೆ. ಕರಾವಳಿಯ ತೇವಗಾಳಿಯಲ್ಲಿ ಬೆವರು ಆವಿಯಾಗದೆ ಅಂಗಿಯನ್ನು ತೋಯಿಸಿ ಕೆಳಗಿಳಿಯುತ್ತದೆ. ಶಾಖ ಮೈಯಲ್ಲಿಯೇ ಉಳಿಯುತ್ತದೆ. ಹೀಗಾಗಿ ಉಷ್ಣಮಾಪಕದಲ್ಲಿ ಕಡಿಮೆ ಕಾಣುವ ಮಂಗಳೂರಿನ ಸೆಖೆಯು ಸವಾರನಿಗೆ ಹೆಚ್ಚು ಬಾಧಿಸುವುದುಂಟು. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ದಾಟುವ ಕಲಬುರಗಿ, ರಾಯಚೂರುಗಳ ನಡುಹಗಲು ನಿಜವಾಗಿಯೂ ಅಪಾಯಕರ. ಆದರೆ ಶಾಲೆಗೆ ಹೋಗುವುದು ಬೆಳಗ್ಗೆ. ಬೇಸಗೆಯ ಬಹುಪಾಲು ರಜೆ. ಉಳಿದ ದಿನಗಳ ಮಧ್ಯಾಹ್ನಕ್ಕೆ ಬೇಕಾದುದು ದಾರಿಯ ಬದಿಯಲ್ಲಿ ಬೇವಿನ, ಹೊಂಗೆಯ ಮರಗಳು. ಅಶೋಕನ ಕಾಲದಿಂದ ನಮಗೆ ತಿಳಿದ ಉಪಾಯವಿದು. ರಸ್ತೆ ಅಗಲಿಸುವ ಉತ್ಸಾಹದಲ್ಲಿ ಮೊದಲು ಬೀಳುವುದೂ ಅವೇ ಮರಗಳು.

ನೆಲ, ಗಾಳಿ, ಬಿಸಿಲುಗಳೇ ತೀರ್ಮಾನಿಸುವುದಾದರೆ ಇಲ್ಲಿಗೆ ಲೇಖನವನ್ನು ಮುಗಿಸಿ, ದಾವಣಗೆರೆಗೂ ವಿಜಯಪುರಕ್ಕೂ ಬಹುಮಾನ ಹಂಚಬಹುದಾಗಿತ್ತು. ಆದರೆ ಬೆಂಗಳೂರಿನ ಹಿಂದಿನ ದಿನಗಳನ್ನು ನೆನೆದರೆ ಈ ವಾದ ಅಪೂರ್ಣವೆಂದು ತಿಳಿಯುತ್ತದೆ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದವು. ಅವುಗಳ ಕೆಲಸಗಾರರಲ್ಲಿ ಸಾವಿರಾರು ಮಂದಿ ಸೈಕಲ್ಲಿನ ಮೇಲೆಯೇ ಬಂದು ಹೋಗುತ್ತಿದ್ದರು. ಪಾಳಿ ಬಿಟ್ಟ ಹೊತ್ತಿನಲ್ಲಿ ರಸ್ತೆಯ ತುಂಬ ಸೈಕಲ್ಲುಗಳ ಹೊಳೆ. ಬೆಂಗಳೂರಿನ ದಿಣ್ಣೆಗಳು ಅಂದಿಗೂ ಇವೇ. ಅಂದಿನ ಸೈಕಲ್ಲಾದರೋ ಇಂದಿನದಕ್ಕಿಂತ ಭಾರ. ನೆಲ ಬದಲಾಗಿಲ್ಲ, ಮನುಷ್ಯರ ಕಾಲುಗಳೂ ಬದಲಾಗಿಲ್ಲ. ಬದಲಾದುದು ರಸ್ತೆಯಲ್ಲಿ ಜೊತೆಗೆ ಸಾಗುವ ವಾಹನಗಳ ಸಂಖ್ಯೆ ಮತ್ತು ವೇಗ. ಬೆಂಗಳೂರೊಂದರಲ್ಲಿಯೇ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ.

ಸಂಖ್ಯೆಗಿಂತಲೂ ವೇಗವು ಹೆಚ್ಚು ಕ್ರೂರವಾದುದೆಂಬುದನ್ನು ಇನ್ನೊಂದು ಸರಳ ಲೆಕ್ಕದಿಂದ ತೋರಿಸಬಹುದು. ಚಲನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿದೆ. ಗಂಟೆಗೆ 30 ಕಿಲೋಮೀಟರು ವೇಗದ ಡಿಕ್ಕಿಯ ಪೆಟ್ಟನ್ನು ಎತ್ತರದಿಂದ ಬೀಳುವ ಪೆಟ್ಟಿಗೆ ಹೋಲಿಸಿದರೆ, ಅದು ಮೂರೂವರೆ ಮೀಟರು ಎತ್ತರದಿಂದ, ಎಂದರೆ ಒಂದು ಮಹಡಿಯಿಂದ ಬಿದ್ದಂತೆ. ವೇಗ 50 ಆದರೆ ಸುಮಾರು ಹತ್ತು ಮೀಟರು; ಮೂರು ಮಹಡಿ. 60 ಆದರೆ ಹದಿನಾಲ್ಕು ಮೀಟರು. ನಾಲ್ಕು ಮಹಡಿಗೂ ಮೇಲೆ. ಒಂದು ಮಹಡಿಯಿಂದ ಬಿದ್ದವನು ಕೈಕಾಲು ಮುರಿದುಕೊಂಡಾನು, ಬದುಕಿಕೊಂಡಾನು. ನಾಲ್ಕು ಮಹಡಿಯ ಮೇಲಿನಿಂದ ಬಿದ್ದವನ ವಿಷಯದಲ್ಲಿ ಆ ಮಾತನ್ನು ಹೇಳುವ ಧೈರ್ಯ ನಮಗಿಲ್ಲ. ಡಿಕ್ಕಿಯನ್ನು ತಪ್ಪಿಸುವ ಅವಕಾಶವೂ ವೇಗದೊಡನೆ ಕುಗ್ಗುತ್ತದೆ. ಕಂಡುದನ್ನು ಗ್ರಹಿಸಿ ಬ್ರೇಕು ಒತ್ತಲು ಚಾಲಕನಿಗೆ ಒಂದು ಸೆಕೆಂಡು ಬೇಕೆಂದರೂ, 30ರ ವೇಗದ ಕಾರು ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. 60ರ ವೇಗದ್ದು 40 ಮೀಟರಿನಲ್ಲಿ. ಅಡ್ಡಬೀದಿಯಿಂದ ಸೈಕಲ್ಲೊಂದು ಹೊರಬರುವುದನ್ನು 20 ಮೀಟರು ದೂರದಲ್ಲಿ ಕಂಡ ಇಬ್ಬರು ಚಾಲಕರಲ್ಲಿ ಮೊದಲಿನವನು ನಿಂತು ಗದರಿಸುತ್ತಾನೆ. ಎರಡನೆಯವನು ಇನ್ನೂ ವೇಗದಲ್ಲಿರುವಾಗಲೇ ಬಂದು ಬಡಿಯುತ್ತಾನೆ.

ತಾಯಿತಂದೆಯರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿರಲಾರರು. ಆದರೆ ಮನೆಯ ಮುಂದಿನ ರಸ್ತೆಯನ್ನು ನೋಡಿಯೇ ಅವರು ಅದರ ಉತ್ತರವನ್ನು ಕಂಡುಕೊಂಡಿದ್ದಾರೆ. ಮಗುವನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಾವೇ ಬಿಟ್ಟು ಬರುತ್ತಾರೆ. ಇದರಿಂದ ರಸ್ತೆಯಲ್ಲಿ ಇನ್ನೊಂದು ಸ್ಕೂಟರು ಹೆಚ್ಚುತ್ತದೆ. ಅದನ್ನು ಕಂಡು ನೆರೆಮನೆಯವರೂ ತಮ್ಮ ಮಗುವಿನ ಸೈಕಲ್ಲನ್ನು ಮೂಲೆಗೆ ನಿಲ್ಲಿಸುತ್ತಾರೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ನೂರಕ್ಕೆ ಸುಮಾರು 45 ಮನೆಗಳಲ್ಲಿ ಸೈಕಲ್ಲು ಇತ್ತು. ಮೋಟಾರು ದ್ವಿಚಕ್ರವಾಹನವಿದ್ದುದು 21 ಮನೆಗಳಲ್ಲಿ. ಸೈಕಲ್ಲಿನ ಕೊರತೆಯಿಂದ ಜನ ಸೈಕಲ್ಲು ಬಿಟ್ಟರೆಂದು ಹೇಳುವಂತಿಲ್ಲ.

ಇನ್ನು ಬೆಂಗಳೂರಿನ ಪ್ರಯೋಗಗಳ ಕಡೆಗೆ ತಿರುಗೋಣ. 2010ರ ದಶಕದ ಆರಂಭದಲ್ಲಿ ಜಯನಗರದ ಬೀದಿಗಳಲ್ಲಿ ಸೈಕಲ್ ಪಟ್ಟಿಗಳನ್ನು ಗುರುತಿಸಲಾಯಿತು. ವಿಶಾಲವಾದ, ಮರಗಳ ನೆರಳಿರುವ, ಶಾಲಾಕಾಲೇಜುಗಳು ಹೇರಳವಾಗಿರುವ ಬಡಾವಣೆ ಅದು, ಆಯ್ಕೆ ಸರಿಯಾಗಿತ್ತು. ಆದರೆ ಪಟ್ಟಿಯೆಂದರೆ ಬಣ್ಣ ಮಾತ್ರ. ಬಣ್ಣದ ಮೇಲೆ ಕಾರು ನಿಲ್ಲಿಸಿದರೆ ಬಣ್ಣಕ್ಕೆ ನೋವಾಗುವುದಿಲ್ಲ, ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ, ರೇಷ್ಮೆ ಮಂಡಳಿಯ ವೃತ್ತದಿಂದ ಕೃಷ್ಣರಾಜಪುರದ ದಿಕ್ಕಿಗೆ, ಪ್ಲಾಸ್ಟಿಕ್ ಗೂಟಗಳನ್ನು ನೆಟ್ಟು ಸೈಕಲ್ ದಾರಿಯೊಂದನ್ನು ಬೇರ್ಪಡಿಸಲಾಯಿತು. ಅದು ಬಣ್ಣಕ್ಕಿಂತ ಒಂದು ಹೆಜ್ಜೆ ಮುಂದಿನದು. ಗೂಟಗಳು ಒಂದೊಂದಾಗಿ ಮುರಿದವು. ಮೆಟ್ರೊ ಕಾಮಗಾರಿ ಬಂದ ಮೇಲೆ ದಾರಿಯ ಬಹುಭಾಗ ಕಣ್ಮರೆಯಾಯಿತು. ಈ ನಡುವೆ, 2021ರಲ್ಲಿ, ಸೈಕಲ್ಲಿಗೆ ಉತ್ತೇಜನ ಕೊಡುವ ಕೇಂದ್ರ ಸರ್ಕಾರದ ಸ್ಪರ್ಧೆಯಲ್ಲಿ ಆಯ್ಕೆಯಾದ 11 ನಗರಗಳಲ್ಲಿ ಬೆಂಗಳೂರೂ ಒಂದಾಯಿತು. ಅಧಿಕಾರಿಗಳ ಶ್ರದ್ಧೆಯನ್ನು ನಾವು ಹಳಿಯುತ್ತಿಲ್ಲ. ಹೊರವರ್ತುಲ ರಸ್ತೆಯ ಕಚೇರಿಗಳಿಗೆ ಹೋಗುವ ಉತ್ಸಾಹಿಗಳಿಗೆ ಆ ದಾರಿ ಪ್ರಯೋಜನವಾಗಿಯೂ ಇತ್ತು. ಆದರೆ ಎಂಟನೆಯ ತರಗತಿಯ ಹುಡುಗಿಗೆ ಹೊರವರ್ತುಲ ರಸ್ತೆಯಲ್ಲಿ ಕೆಲಸವೇನು? ಅವಳಿಗೆ ಬೇಕಾದುದು ಮನೆಯಿಂದ ಶಾಲೆಯವರೆಗಿನ ನಾಲ್ಕು ಅಡ್ಡಬೀದಿಗಳು ಮತ್ತು ಅವುಗಳ ನಡುವಿನ ಒಂದು ದೊಡ್ಡ ರಸ್ತೆಯನ್ನು ದಾಟುವ ಉಪಾಯ.

ಬೆಂಗಳೂರಿನ ನೆಲವನ್ನು ಕುರಿತು ಮೇಲೆ ಹೇಳಿದ ಮಾತಿನಿಂದ ಒಂದು ಉಪಯುಕ್ತ ಸೂಚನೆ ಹೊರಡುತ್ತದೆ. ನೀರು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಅದು ಹರಿಯುವ ಕಣಿವೆಯ ತಳವು ಸಾಮಾನ್ಯವಾಗಿ ಆ ಪ್ರದೇಶದ ಅತ್ಯಂತ ಸೌಮ್ಯವಾದ ಓಟವುಳ್ಳ ರೇಖೆ. ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಗಳ ದಂಡೆಯ ಮೇಲೆ ದಾರಿ ಮಾಡಿದರೆ ಏರೂ ಇಲ್ಲ, ಮೋಟಾರು ವಾಹನವೂ ಇಲ್ಲ. ಕೋರಮಂಗಲದ ಕಣಿವೆಯಲ್ಲಿ ಕಾಲುವೆಯನ್ನು ಶುದ್ಧಗೊಳಿಸಿ ದಂಡೆಯಲ್ಲಿ ಕಾಲುದಾರಿ ನಿರ್ಮಿಸುವ ಯತ್ನ ನಡೆದಿದೆ. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯಿಂದ ಹೊರಡುವ ನಾಲೆಯ ದಂಡೆಯ ಮೇಲೆ ಸೈಕಲ್ ದಾರಿಯನ್ನು ರೂಪಿಸುವ ಯೋಜನೆಯೂ ಕೈಗೊಳ್ಳಲ್ಪಟ್ಟಿತು. ನಮ್ಮ ದೃಷ್ಟಿಯಲ್ಲಿ ರಾಜ್ಯದ ಸೈಕಲ್ ಯೋಜನೆಗಳಲ್ಲೆಲ್ಲ ಇದು ಅತ್ಯಂತ ಶಾಸ್ತ್ರೀಯವಾದುದು, ಏಕೆಂದರೆ ಅದು ನಕ್ಷೆಯಿಂದಲ್ಲ, ನೆಲದಿಂದ ಹುಟ್ಟಿದ ಯೋಚನೆ. ನಾಲೆಯ ದುರ್ವಾಸನೆಯನ್ನು ಹೋಗಲಾಡಿಸದೆ ದಂಡೆಯ ಮೇಲೆ ಯಾರೂ ಬಾರರೆಂಬುದು ಮಾತ್ರ ನೆನಪಿನಲ್ಲಿರಬೇಕು. ಅದೇ ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಲ್ಲಿ ಸಂಚಾರ ಆರಂಭಿಸಿದ ಚಿಗರಿ ಬಸ್ಸುಗಳ 22 ಕಿಲೋಮೀಟರಿನ ಹೆದ್ದಾರಿಯು ಬಸ್ಸಿನವರಿಗೆ ಉಪಕಾರಿಯಾದರೂ, ಅದನ್ನು ಅಡ್ಡ ದಾಟಬೇಕಾದ ಸೈಕಲ್ಲಿನವನಿಗೆ ನದಿಯಂತಾಗಿದೆ.

ಮೈಸೂರು ಈ ವಿಷಯದಲ್ಲಿ ಭಾಗ್ಯಶಾಲಿ. 1903ರಷ್ಟು ಹಿಂದೆಯೇ ಅಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪಿತವಾಗಿ, ಅಗಲವಾದ ಬೀದಿಗಳೂ ಕ್ರಮಬದ್ಧವಾದ ಬಡಾವಣೆಗಳೂ ಹುಟ್ಟಿದವು. 2017ರ ಜೂನ್ ತಿಂಗಳಿನಲ್ಲಿ 450 ಸೈಕಲ್ಲುಗಳೊಡನೆ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಅಲ್ಲಿ ಆರಂಭವಾಯಿತು. ಒಂದು ನಿಲ್ದಾಣದಲ್ಲಿ ಸೈಕಲ್ಲನ್ನು ಪಡೆದು ಇನ್ನೊಂದರಲ್ಲಿ ಬಿಡಬಹುದಾಗಿತ್ತು. ಹಿಂದೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದ ಸೈಕಲ್ ಶಾಪುಗಳನ್ನು ಬಲ್ಲ ಹಿರಿಯರಿಗೆ ಇದು ಹಳೆಯ ಗೆಳೆಯನು ಹೊಸ ಅಂಗಿ ತೊಟ್ಟು ಬಂದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಪ್ರವಾಸಿಗರಿಗೂ ಕಾಲೇಜಿನವರಿಗೂ ಅದು ಪ್ರಿಯವಾಯಿತು. ರಾಜ್ಯದ ದೊಡ್ಡ ನಗರಗಳಲ್ಲಿ ನಮ್ಮ ಅಳತೆಗೋಲಿಗೆ ಹೆಚ್ಚು ಹತ್ತಿರ ಬರುವುದು ಮೈಸೂರೇ ಎಂದು ಹೇಳಲು ನಾವು ಹಿಂಜರಿಯುವುದಿಲ್ಲ. ಆದರೆ ಅದರ ಶ್ರೇಯಸ್ಸು ನಿಲ್ದಾಣಗಳಿಗಿಂತ ಹಳೆಯ ಬಡಾವಣೆಗಳ ನಿಧಾನವಾದ ಒಳಬೀದಿಗಳಿಗೆ ಸಲ್ಲಬೇಕು. ಅದೇ ನಗರದ ವರ್ತುಲ ರಸ್ತೆಯ ಆಚೆಗೆ ಬೆಳೆದ ಹೊಸ ಬಡಾವಣೆಗಳ ಮಕ್ಕಳು ಆ ರಸ್ತೆಯನ್ನು ದಾಟಬೇಕಾದಾಗ, ಮೈಸೂರಿನ ಮಕ್ಕಳೂ ಬೆಂಗಳೂರಿನ ಮಕ್ಕಳೂ ಒಂದೇ ದೋಣಿಯಲ್ಲಿದ್ದಾರೆ.

ವಿಜಯಪುರದ ಕಥೆ ಇನ್ನೂ ವಿಚಿತ್ರ. ವಿಜಯಪುರ, ಬಾಗಲಕೋಟೆಗಳ ಸೀಮೆಯು ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಸೈಕಲ್ ಪಟುಗಳನ್ನು ಕೊಟ್ಟಿರುವ ನಾಡು. ಬಡ ರೈತರ ಮಕ್ಕಳು ಅಲ್ಲಿ ಸೈಕಲ್ಲಿನ ಮೇಲೆ ಪದಕಗಳನ್ನು ಗೆದ್ದಿದ್ದಾರೆ. ಅವರ ಅಭ್ಯಾಸಕ್ಕೆಂದು ವಿಜಯಪುರದಲ್ಲಿ ಕೈಗೊಂಡ ವೆಲೊಡ್ರೋಮಿನ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಪಟುಗಳು ಹೆದ್ದಾರಿಗಳ ಅಂಚಿನಲ್ಲಿ, ಲಾರಿಗಳ ಪಕ್ಕದಲ್ಲಿ ಅಭ್ಯಾಸ ಮಾಡಬೇಕಾಯಿತು. ಸಮತಟ್ಟು ನೆಲ, ಒಣಗಾಳಿ, ಸೈಕಲ್ಲಿನ ಮೇಲಿನ ಮಮತೆ, ಎಲ್ಲವೂ ಇರುವ ಊರು ಇದು. ಇಲ್ಲದಿರುವುದು ರಸ್ತೆಯಲ್ಲಿ ಒಂದೆರಡು ಅಡಿ ಜಾಗ.

ನಮ್ಮ ದೂರು ಇಲ್ಲಿಯೇ ಇದೆ. ಸೈಕಲ್ಲಿನ ಹೆಸರಿನಲ್ಲಿ ನಡೆದ ಚರ್ಚೆ, ಪ್ರಯೋಗ, ಪ್ರಶಸ್ತಿಗಳ ಬಹುಪಾಲು ಬೆಂಗಳೂರಿನ ಪಾಲಾಗಿದೆ. ಅಲ್ಲಿ ಸೈಕಲ್ಲನ್ನು ಮರಳಿ ತರುವುದು ಕಷ್ಟ, ದುಬಾರಿ. ದಾವಣಗೆರೆ, ಬಳ್ಳಾರಿ, ರಾಯಚೂರು, ವಿಜಯಪುರಗಳಲ್ಲಿ ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ಸೈಕಲ್ ದಾರಿ, ನೆಲ ಅನುಕೂಲ, ಸೈಕಲ್ಲು ಇನ್ನೂ ಪೂರ್ತಿಯಾಗಿ ಮಾಯವಾಗಿಲ್ಲ. ಕಳೆದುಹೋದುದನ್ನು ಹುಡುಕುವುದಕ್ಕಿಂತ ಇರುವುದನ್ನು ಕಾಪಾಡುವುದು ಸುಲಭವೆಂಬುದು ಮನೆಯ ಹೆಂಗಸರಿಗೆ ತಿಳಿದ ಮಾತು. ಯೋಜನೆ ಬರೆಯುವವರಿಗೆ ತಿಳಿಯದಿರುವುದು ಸೋಜಿಗ. ಈ ಊರುಗಳ ಹೊರವಲಯದಲ್ಲಿ ಹೆದ್ದಾರಿಗಳು ಅಗಲವಾಗುತ್ತಿವೆ; ಒಳಗಿನ ಬೀದಿಗಳು ಕಾಂಕ್ರೀಟಾಗಿ ನುಣುಪಾಗುತ್ತಿವೆ. ನುಣುಪಾದಂತೆ ವೇಗ ಏರುತ್ತದೆ. ಇನ್ನು ಹತ್ತು ವರ್ಷ ಸುಮ್ಮನಿದ್ದರೆ ಇವೂ ಚಿಕ್ಕ ಬೆಂಗಳೂರುಗಳಾಗುತ್ತವೆ, ಬೆಂಗಳೂರಿನ ಸಂಬಳಗಳಿಲ್ಲದೆ.

2006-07ರಲ್ಲಿ ನಮ್ಮ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಊರಿನಲ್ಲಿ ಪ್ರೌಢಶಾಲೆಯಿಲ್ಲವೆಂಬ ಕಾರಣಕ್ಕೆ ಓದು ನಿಲ್ಲಿಸಬೇಕಾಗಿದ್ದ ಹುಡುಗಿಯರು ಸಾಲು ಸಾಲಾಗಿ ಸೈಕಲ್ಲಿನ ಮೇಲೆ ಪಕ್ಕದ ಊರಿಗೆ ಹೋಗುವ ದೃಶ್ಯ ನಾಡಿನ ಉದ್ದಗಲಕ್ಕೂ ಕಂಡಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತುಹೋಯಿತು. ಅದು ನಿಂತುದಕ್ಕೆ ವ್ಯಥೆಪಡುವವರಲ್ಲಿ ನಾವೂ ಇದ್ದೇವೆ. ಆದರೆ ಯೋಜನೆ ಸಂಪೂರ್ಣವಾಗಿ ನಡೆಯುತ್ತಿದ್ದಾಗಲೂ ಅದರಲ್ಲಿ ಒಂದು ಅಂಗ ಊನವಾಗಿತ್ತು. ಸೈಕಲ್ಲನ್ನು ಕೊಟ್ಟ ಇಲಾಖೆಯೇ ಬೇರೆ, ರಸ್ತೆಯನ್ನು ಮಾಡುವ ಇಲಾಖೆಯೇ ಬೇರೆ. ಹಳ್ಳಿಯ ಹಾದಿಯಲ್ಲಿ ನೆಮ್ಮದಿಯಿಂದ ಬಂದ ಹುಡುಗಿ ಪಟ್ಟಣದ ಅಂಚಿನ ಹೆದ್ದಾರಿಯ ಬಳಿ ಸೈಕಲ್ಲಿನಿಂದ ಇಳಿದು, ಎಡಕ್ಕೂ ಬಲಕ್ಕೂ ನೋಡುತ್ತ ನಿಲ್ಲಬೇಕು. ಸರ್ಕಾರದ ಕೃಪೆ ಆ ಅಂಚಿನವರೆಗೆ ಮಾತ್ರ.

ಮಾಡಬೇಕಾದುದು ಬಹಳ ದುಬಾರಿಯ ಕೆಲಸವೇನಲ್ಲ. ಪ್ರತಿಯೊಂದು ಪ್ರೌಢಶಾಲೆ, ಕಾಲೇಜಿನ ಸುತ್ತ ಒಂದೆರಡು ಕಿಲೋಮೀಟರಿನೊಳಗಿನ ಬೀದಿಗಳಲ್ಲಿ ವಾಹನಗಳ ವೇಗವನ್ನು ಗಂಟೆಗೆ 30 ಕಿಲೋಮೀಟರಿಗೆ ಇಳಿಸಬೇಕು. 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ರಾಷ್ಟ್ರಗಳ ಸಮ್ಮೇಳನವು, ಪಾದಚಾರಿಗಳೂ ಸೈಕಲ್ಲಿನವರೂ ವಾಹನಗಳೊಡನೆ ಬೆರೆಯುವಲ್ಲಿ ಇದೇ ಮಿತಿಯನ್ನು ಘೋಷಿಸಿತು. ನಮ್ಮ 1988ರ ಮೋಟಾರು ವಾಹನ ಕಾಯಿದೆಯು ಕೇಂದ್ರ ವಿಧಿಸಿದುದಕ್ಕಿಂತ ಕಡಿಮೆ ಮಿತಿಯನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟೇ ಇದೆ. ಫಲಕ ನೆಟ್ಟ ಮಾತ್ರಕ್ಕೆ ವೇಗ ಇಳಿಯದೆಂಬುದು ನಿಜ. ಬೀದಿಯ ಬಾಯಿಯನ್ನು ಕಿರಿದು ಮಾಡುವುದು, ತಿರುವನ್ನು ಬಿಗಿಮಾಡುವುದು, ದಾಟುವ ಸ್ಥಳವನ್ನು ಕಾಲುದಾರಿಯ ಮಟ್ಟಕ್ಕೆ ಎತ್ತರಿಸುವುದು, ಇವು ಪೊಲೀಸನಿಲ್ಲದೆಯೂ ವೇಗವನ್ನು ಇಳಿಸುತ್ತವೆ. ಮನಬಂದಂತೆ ಉಬ್ಬು ಹಾಕುವುದನ್ನು ಮಾತ್ರ ನಾವು ಒಪ್ಪಲಾರೆವು. ಸೈಕಲ್ಲಿನವನು ಒಮ್ಮೆ ಪೂರ್ತಿ ನಿಂತು ಮತ್ತೆ 15 ಕಿಲೋಮೀಟರಿನ ವೇಗಕ್ಕೆ ಬರಲು ವ್ಯಯಿಸುವ ಶಕ್ತಿಯಿಂದ ಸಮನೆಲದಲ್ಲಿ 55 ಮೀಟರು ಹೋಗಬಹುದಾಗಿತ್ತು. ಹತ್ತು ಕಡೆ ನಿಲ್ಲಿಸಿದರೆ ಅರ್ಧ ಕಿಲೋಮೀಟರಿನ ಶ್ರಮ ವ್ಯರ್ಥ. ಉಬ್ಬಿನ ಪಕ್ಕದಲ್ಲಿ ಸೈಕಲ್ಲು ನುಸುಳುವಷ್ಟು ಸಮತಟ್ಟು ಜಾಗ ಬಿಡುವುದಕ್ಕೆ ಖರ್ಚೇನೂ ಇಲ್ಲ.

ಸೈಕಲ್ಲು ಬಡವರ ವಾಹನ, ಜನ ಮುಂದೆ ಬಂದಂತೆ ಅದನ್ನು ಬಿಡುವುದು ಸಹಜ ಎಂದು ಆಕ್ಷೇಪಿಸುವವರಿದ್ದಾರೆ. ದುಡಿಯುವ ಗಂಡಸರ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ಬೆಲೆ ಉಂಟು. ಆದರೆ ಹದಿನಾಲ್ಕು ವರ್ಷದವರಿಗೆ ಸ್ಕೂಟರ್ ನಡೆಸಲು ಕಾನೂನೇ ಅನುಮತಿ ಕೊಡದು. ಅವರ ಪಾಲಿಗೆ ಸೈಕಲ್ಲಿಗೆ ಬದಲಾಗಿರುವುದು ಮೋಟಾರು ವಾಹನವಲ್ಲ. ಇನ್ನೊಬ್ಬರ ಬಿಡುವಿಗಾಗಿ ಕಾಯುವುದು. ಅಪ್ಪನಿಗೆ ಪುರುಸೊತ್ತಿಲ್ಲದ ದಿನ ಗ್ರಂಥಾಲಯವಿಲ್ಲ, ಆಟದ ಮೈದಾನವಿಲ್ಲ, ಗೆಳತಿಯ ಮನೆಯಿಲ್ಲ.

ಏರಿನ ಊರುಗಳನ್ನು ನಾವು ಕೈಬಿಟ್ಟೆವೆಂದು ಧಾರವಾಡದವರೂ ಮಂಗಳೂರಿನವರೂ ತಿಳಿಯಬಾರದು. ಮೇಲೆ ಹೇಳಿದ 215 ವ್ಯಾಟಿನ ಲೆಕ್ಕವನ್ನು ನೆನಪಿಗೆ ತಂದುಕೊಳ್ಳಿರಿ. 250 ವ್ಯಾಟ್ ಸಾಮರ್ಥ್ಯವನ್ನೂ ಗಂಟೆಗೆ 25 ಕಿಲೋಮೀಟರು ವೇಗವನ್ನೂ ಮೀರದ ವಿದ್ಯುತ್ ಸೈಕಲ್ಲುಗಳಿಗೆ ನಮ್ಮ ದೇಶದಲ್ಲಿ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಅಂತಹ ಮೋಟರು ಇಪ್ಪತ್ತಕ್ಕೊಂದರ ಏರಿನ ಭಾರವನ್ನು ಬಹುಪಾಲು ತಾನೇ ಹೊರುತ್ತದೆ. ಸವಾರನ ಕಾಲಿಗೆ ಉಳಿಯುವುದು ಹುಬ್ಬಳ್ಳಿಯ ಬಯಲಿನಷ್ಟು ಕೆಲಸ. ಬೆಲೆ ಇನ್ನೂ ಸಾಧಾರಣ ಕುಟುಂಬಕ್ಕೆ ಎಟುಕುವಂತಿಲ್ಲ, ಮಳೆಗೆ ಮೋಟರಿನಲ್ಲಿ ಉತ್ತರವಿಲ್ಲ. ಆದರೂ ನೆಲವೇ ಸರಿಯಿಲ್ಲವೆಂದು ಕೈಚೆಲ್ಲಿ ಕುಳಿತುಕೊಳ್ಳುವ ಕಾಲ ಹಿಂದಾಯಿತು.

ನಮ್ಮ ವಿದ್ಯಾರ್ಥಿ ವಾಚಕರು ತಮ್ಮ ಊರನ್ನು ತಾವೇ ಅಳೆಯಬಹುದು. ಶಾಲೆಯ ಗಂಟೆ ಬಾರಿಸುವ ಮೊದಲಿನ ಅರ್ಧ ಗಂಟೆ ಗೇಟಿನ ಬಳಿ ಇಬ್ಬರು ನಿಂತು, ಸೈಕಲ್ಲಿನಲ್ಲಿ ಬಂದವರೆಷ್ಟು, ಕಾಲ್ನಡೆಯಲ್ಲಿ ಎಷ್ಟು, ಸ್ಕೂಟರಿನ ಹಿಂದೆ ಎಷ್ಟು, ಆಟೋ ವ್ಯಾನುಗಳಲ್ಲಿ ಎಷ್ಟು, ಅವರಲ್ಲಿ ಹುಡುಗಿಯರೆಷ್ಟು ಎಂದು ಬರೆದುಕೊಳ್ಳಲಿ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ರಸ್ತೆಯ ಏರನ್ನು ಅಳೆಯಬಹುದು. ವೇಗಕ್ಕೆ ಯಂತ್ರವೇ ಬೇಕಿಲ್ಲ. ಕಾಲುದಾರಿಯ ಮೇಲೆ ನಿಂತು, ರಸ್ತೆಯ ಬದಿಯಲ್ಲಿ 50 ಮೀಟರು ಅಂತರದ ಎರಡು ಕಂಬಗಳನ್ನು ಗುರುತು ಮಾಡಿಕೊಂಡು, ವಾಹನವು ಒಂದರಿಂದ ಇನ್ನೊಂದಕ್ಕೆ ಬರಲು ಹಿಡಿಯುವ ಸೆಕೆಂಡುಗಳನ್ನು ಗಡಿಯಾರದಲ್ಲಿ ನೋಡಿದರೆ ಸಾಕು. ಆರು ಸೆಕೆಂಡು ಹಿಡಿದರೆ ಗಂಟೆಗೆ 30 ಕಿಲೋಮೀಟರು. ಮೂರೇ ಸೆಕೆಂಡಾದರೆ 60. ನೂರು ವಾಹನಗಳನ್ನು ಹೀಗೆ ಅಳೆದ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಸಹಿಯೊಡನೆ ನಗರಪಾಲಿಕೆಯ ಆಯುಕ್ತರಿಗೂ ಸಂಚಾರ ಪೊಲೀಸರಿಗೂ ಕಳುಹಿಸಿರಿ. ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಂಡು, ಮುಂದಿನ ವರ್ಷ ಅದೇ ತಿಂಗಳಿನಲ್ಲಿ ಅದೇ ಕಂಬಗಳ ನಡುವೆ ಮತ್ತೊಮ್ಮೆ ಅಳೆಯಿರಿ.